ನಾಲ್ಕು ದಿನ ತಡವಾದ ಕೊಯ್ಲು

ಮಾರ್ಚ್ 24, 2025. ಸೋಮವಾರ. ಬೆಳಿಗ್ಗೆ 7

ದ್ರಾಕ್ಷಿಯ ಮೇಲಿನ ಮೂರು ಸಾಲಿಗೆ ಬಲೆ ಬಿಗಿದಾಯಿತು. ಆದರೂ ಪಿಕಳಾರ ಹಕ್ಕಿಗಳು ಎಲ್ಲಿಂದಲೋ ನುಸುಳುತ್ತವೆ. ಮೀಟರ್‌ನಲ್ಲಿ ಹಣ್ಣಿನ ಸಿಹಿ ನೋಡಿದೆ — ಇಪ್ಪತ್ತೊಂದೂವರೆ. ವೈನಿಗೆ ಇಪ್ಪತ್ತಮೂರಾದರೂ ಬೇಕು. ಬಿಸಿಲು ಹೀಗೇ ಇದ್ದರೆ ಇನ್ನು ನಾಲ್ಕು ದಿನ.

ತೋಟದ ಸಾವ್ಕಾರ್ರು ರೇಣುಕಾಪ್ರಸಾದ್, ಬಸರೀಕಟ್ಟೆಗೆ ಹೊರಟವರು ಜೀಪು ನಿಲ್ಲಿಸಿ ಕೆಳಗಿನಿಂದಲೇ ಕೂಗಿದರು.

"ಅಂಬಿಕಾ, ಮೊಬೈಲಲ್ಲಿ ಮಳೆ ತೋರಿಸ್ತಾ ಇದೆ. ನಾಳೆನೇ ಕೊಯ್ಸಿಬಿಡು."

"ನಾಳೆ ಕೊಯ್ದ್ರೆ ವೈನಲ್ಲ, ಹುಳಿ ನೀರಾಗ್ತದೆ ಸಾವ್ಕಾರ್ರೇ. ಶುಕ್ರವಾರದವರೆಗೆ ಬಿಡಿ."

"ಮಳೆ ಬಂದ್ರೆ?"

"ಬಂದ್ರೆ ತಪ್ಪು ನಂದೇ."

ಯಾಕೆ ಹಾಗೆಂದೆನೋ. ಎರಡು ವರ್ಷ ಬೆಳೆ ಬೂಜು ಹಿಡಿದು ಹೋಯಿತು. ಈ ಸಲವೂ ಕೈಕೊಟ್ಟರೆ ಬಳ್ಳಿ ಕೀಳಿಸಿ ಕಾಳುಮೆಣಸು ಹಾಕುವುದೆಂದು ಅವರು ಆಗಲೇ ತೀರ್ಮಾನ ಮಾಡಿದ್ದಾರೆ. ನಾನ್ನೂರ ಹನ್ನೆರಡು ಬಳ್ಳಿ. ಅಷ್ಟನ್ನೂ ನೆಟ್ಟವಳು ನಾನು. ಕಾಫಿ ಕೊಯ್ಯುತ್ತಿದ್ದ ನನ್ನನ್ನು ಮೂರು ತಿಂಗಳು ವೈನರಿಗೆ ಕಳಿಸಿ ಕೆಲಸ ಕಲಿಸಿದವರು ಅವರು. ಅದೂ ನಿಜ.

ಮಾರ್ಚ್ 26

ಇಪ್ಪತ್ತೆರಡು. ಘಟ್ಟದ ಮೇಲೆ ಮೋಡ. ಆಳುಗಳು ಒಮ್ಮೆ ಆಕಾಶ ನೋಡುತ್ತಾರೆ, ಒಮ್ಮೆ ನನ್ನ ಮುಖ. ಅತ್ತೆ ಭೈರಮ್ಮ ಮಾತ್ರ ಬಾಯಿಬಿಟ್ಟೇ ಕೇಳಿದರು, "ಎಂತಕ್ಕೆ ಈ ಹಟ ಮಾರಾಯ್ತಿ?"

ಒಂದು ಹಣ್ಣು ಕಿತ್ತು ಅವರ ಬಾಯಿಗೆ ಹಾಕಿದೆ. ಅಗಿದರು. ಬೀಜ ಉಗಿದು ಕೆಲಸಕ್ಕೆ ತಿರುಗಿದರು.

ಮಾರ್ಚ್ 28. ಶುಕ್ರವಾರ. ಸಂಜೆ 5

ಇಪ್ಪತ್ತಮೂರು!

ಬೆಳಗಿನ ಆರಕ್ಕೇ ಶುರು. ಹದಿನಾಲ್ಕು ಜನ. ಹತ್ತು ಗಂಟೆಗೆ ಗಾಳಿ ಎದ್ದಾಗ ಸಾವ್ಕಾರ್ರೂ ತಲೆಗೆ ಟವೆಲ್ ಸುತ್ತಿ ಕ್ರೇಟ್ ಹೊರಲು ನಿಂತರು. ಇಳಿಜಾರಿನಲ್ಲಿ ಎರಡು ಸಲ ಜಾರಿದರು, ಹಣ್ಣು ಚೆಲ್ಲಲಿಲ್ಲ. ಕೊನೆಯ ಕ್ರೇಟ್ ಶೆಡ್ಡಿಗೆ ಬಂದಾಗ ಮೂರೂವರೆ. ನಾಲ್ಕೂ ಹತ್ತಕ್ಕೆ ಮಳೆ. ಬರೀ ಮಳೆಯಲ್ಲ, ಆಲಿಕಲ್ಲು. ತಗಡಿನ ಮೇಲೆ ಸದ್ದೋ ಸದ್ದು. ನಾವೆಲ್ಲ ಒಳಗೆ ನಿಂತು ಹುಚ್ಚರ ಹಾಗೆ ನಕ್ಕೆವು. ಸಾವ್ಕಾರ್ರು ಮುಖ ಒರೆಸಿಕೊಂಡು ಮತ್ತೆ ಮತ್ತೆ ಕ್ರೇಟ್ ಎಣಿಸಿದರು.

ಏಪ್ರಿಲ್ 1. ಮಧ್ಯಾಹ್ನ 3

ನಿನ್ನೆಯಿಂದ ಕರೆಂಟಿಲ್ಲ. ಕೂಲಿಂಗ್ ಮಿಷನ್ ನಿಂತಿದೆ. ಜನರೇಟರ್ ರಿಪೇರಿಗೆಂದು ಕೊಪ್ಪಕ್ಕೆ ಹೋಗಿದ್ದು ಬಂದಿಲ್ಲ. ಬೆಳಿಗ್ಗೆ ಟ್ಯಾಂಕಿನಲ್ಲಿ ರಸ ಹುದುಗಿ ಉಕ್ಕುತ್ತಿತ್ತು — ಮೂವತ್ತನಾಲ್ಕು ಡಿಗ್ರಿ. ಇನ್ನೆರಡು ಏರಿದರೆ ರಸವನ್ನು ವೈನಾಗಿಸುವ ಯೀಸ್ಟ್ ಸಾಯುತ್ತದೆ, ಎಲ್ಲ ಹಾಳು.

ಅತ್ತೆ ಕಾಫಿ ಚೀಲಗಳನ್ನು ಹಳ್ಳದ ನೀರಿನಲ್ಲಿ ಅದ್ದಿ ತಂದು ಟ್ಯಾಂಕಿಗೆ ಸುತ್ತತೊಡಗಿದರು.

"ಜ್ವರ ಬಂದ ಮಗೂಗೆ ಒದ್ದೆ ಬಟ್ಟೆ ಹಾಕಲ್ವ? ಅದೇ ಇದು. ನೋಡ್ತಾ ನಿಂತ್ಯಲ್ಲ, ಕೊಡಪಾನ ತಗಾ!"

ಇಬ್ಬರೂ ನೀರು ಹೊತ್ತೆವು. ಮೂವತ್ತಮೂರು... ಮೂವತ್ತೊಂದು... ಈಗ ಇಪ್ಪತ್ತೊಂಬತ್ತು. ಕೊಡ ಹೊತ್ತ ಕೈ, ಅಕ್ಷರ ನೆಟ್ಟಗಿಲ್ಲ.

ಏಪ್ರಿಲ್ 2

ಕರೆಂಟ್ ಬಂತು. ಇಪ್ಪತ್ತಾರು ಡಿಗ್ರಿ. ಒಳಗಿನ ಗುಳುಗುಳು ನಿಂತಿಲ್ಲ. ಮಲಗುತ್ತೇನೆ.

ಅಕ್ಟೋಬರ್ 12. ಭಾನುವಾರ

ಬರೆಯದೆ ಆರು ತಿಂಗಳು. ಮಳೆಗಾಲವಿಡೀ ಬಳ್ಳಿಗೆ ಪ್ಲಾಸ್ಟಿಕ್ ಹೊದಿಸುವುದು, ಬೂಜು ನೋಡುವುದು, ಅಷ್ಟೇ.

ಇವತ್ತು ಅನನ್ಯ ಮೇಡಂ ಬಂದಿದ್ದರು. ವೈನ್ ರುಚಿ ನೋಡಿ ದರ್ಜೆ ಹೇಳುವುದೇ ಅವರ ಕೆಲಸ. ಕಾಗದ ಸುತ್ತಿದ ಐದು ಬಾಟಲಿ. ನಾಲ್ಕು ದೊಡ್ಡ ದೊಡ್ಡ ವೈನರಿಗಳವು, ಒಂದು ನಮ್ಮದು. ಮೂರನೆಯದಕ್ಕೆ ನಿಂತರು. ಮತ್ತೆ ಮೂಸಿದರು. ಉಳಿದೆರಡನ್ನು ನೋಡಿ ಮತ್ತೆ ಅದಕ್ಕೇ ಬಂದರು.

"ಐದರಲ್ಲಿ ಇದೇ ಮೊದಲು. ಯಾವುದಿದು?"

ಸಾವ್ಕಾರ್ರು ಕಾಗದ ಬಿಚ್ಚಿದರು. ನಮ್ಮ ಬಾಟಲಿ. ಲೇಬಲ್ಲೂ ಇಲ್ಲದ್ದು.

"ಇಷ್ಟು ಮಳೆ ಬೀಳೋ ಊರಲ್ಲಿ? ಮಾಡಿದ್ದು ಯಾರು?"

"ನಾವು—" ಎಂದು ಶುರು ಮಾಡಿದ ಸಾವ್ಕಾರ್ರು ತಡೆದರು. ನನ್ನ ಕಡೆ ತಿರುಗಿದರು. "ಇವಳು. ನಾನು ಮೊದಲೇ ಕೊಯ್ಸು ಅಂದಿದ್ದೆ. ಕೇಳ್ಲಿಲ್ಲ. ಕೇಳದೆ ಇದ್ದಿದ್ದೇ ಒಳ್ಳೇದಾಯ್ತು."

ಮೇಡಂ ಎದ್ದು ಬಂದು ಕೈ ಕುಲುಕಿದರು. ಧೈರ್ಯ ಎಲ್ಲಿಂದ ಬಂತೋ, ಕೇಳಿಯೇಬಿಟ್ಟೆ.

"ಬಳ್ಳಿ ಕೀಳಲ್ವಲ್ಲ ಸಾವ್ಕಾರ್ರೇ?"

"ಇನ್ನೆಂಥ ಕೀಳೋದು ಮಾರಾಯ್ತಿ!"

"ಹಾಗಾದ್ರೆ ಕೆಳಗಿನ ಇಳಿಜಾರಿಗೂ ದ್ರಾಕ್ಷಿನೇ. ಯಾವಾಗ ಕೊಯ್ಯೋದು ಅಂತ ಹೇಳೋದು ನಾನೇ."

ನಕ್ಕರು. "ಆಯ್ತು. ನೀನೇ."

ಒಂದು ಗುಟುಕು ಅತ್ತೆಗೂ ಕೊಟ್ಟೆ. ಮುಖ ಕಿವಿಚಿದರು. "ಇದಕ್ಕಾ ಇಷ್ಟು ಒದ್ದಾಡಿದ್ದು?" ಎಂದರು. ಆಮೇಲೆ ಲೋಟ ಮುಂದೆ ಹಿಡಿದರು. ಇನ್ನೊಂದಿಷ್ಟು ಬೇಕಂತೆ.

ನವೆಂಬರ್ 19. ಬೆಳಿಗ್ಗೆ 8

ಕೆಳಗಿನ ಇಳಿಜಾರಿನಲ್ಲಿ ಮುನ್ನೂರು ಗುಂಡಿ ತಯಾರು. ಕಡಲಿನ ಕಡೆಯ ಗಾಳಿ ಘಟ್ಟ ಹತ್ತಿ ನೇರ ಇಲ್ಲಿಗೇ ಬರುತ್ತದೆ, ಎಲೆಯ ತೇವ ಬೇಗ ಆರೀತು, ಬೂಜು ಕಡಿಮೆ. ಹೊಸದಾಗಿ ಬಂದ ಹೆಂಗಸರು ಎಲ್ಲದಕ್ಕೂ ನನ್ನನ್ನೇ ಕೇಳುತ್ತಾರೆ. ಗೊತ್ತಿದೆ, ಹೇಳುತ್ತೇನೆ. ಹೀಗೆ ಹೇಳುವುದು ಎಷ್ಟು ಚೆನ್ನ!

ಸಸಿ ತರುವ ಜೀಪು ತಿರುವಿನಲ್ಲಿ ಕಾಣಿಸಿತು. ಮೊದಲನೆಯದನ್ನು ಅತ್ತೆ ಕೈಯಲ್ಲಿ ನೆಡಿಸಬೇಕು, ಎರಡನೆಯದು ನಾನು, ಆಮೇಲೆ— ಜೀಪು ಬಂದೇಬಿಟ್ಟಿತು, ಹೊರಟೆ.