ಸೊಂಟಕ್ಕಲ್ಲ, ಉಸಿರಿಗೆ

ಹಾರೊ, ಇಲೊಯ್ಲೊ
ಫೆಬ್ರವರಿ 2, ಹಬ್ಬದ ಬೆಳಿಗ್ಗೆ

ಎಲ್ಪಿಡಿಯೊ,

ಮದುವೆಯಾದಂದಿನಿಂದ ನಿನ್ನನ್ನು ‘ನೀವು’ ಎಂದೇ ಕರೆದವಳು ನಾನು. ಈ ಕಾಗದದಲ್ಲಿ ಆ ಮರ್ಯಾದೆ ಇಲ್ಲ, ಹುಡುಕಬೇಡ.

ಇದು ನಿನ್ನ ಕೈ ಸೇರುವ ಹೊತ್ತಿಗೆ ಊರ ನಡುವಿನ ಪ್ಲಾಜಾದಲ್ಲಿ ನೃತ್ಯ ಸ್ಪರ್ಧೆಯ ಮಂಟಪದ ಪಕ್ಕ ಬಿಳಿ ಸೂಟು ತೊಟ್ಟು ನನ್ನ ದಾರಿ ಕಾಯುತ್ತಿರುತ್ತೀಯ. ಓದಿ ಮುಗಿಸುವತನಕ ಅಲ್ಲೇ ನಿಂತಿರು.

ನನ್ನ ಉಬ್ಬಸಕ್ಕೆ ವರ್ಷಗಟ್ಟಲೆ ಸ್ಟೆರಾಯ್ಡ್ ಮಾತ್ರೆ ನುಂಗಿದೆ. ಮುಖ ಬನ್ನಿನಂತೆ ಉಬ್ಬಿತು, ಹೊಟ್ಟೆ ಬಂತು, ಎಷ್ಟು ತಿಂದರೂ ಹಸಿವು ಹೋಗಲಿಲ್ಲ. ನಮ್ಮ ಮನೆಗೆ ಡಾನ್ಸ್ ಕಲಿಯಲು ಬಂದವರೆದುರೇ ನೀನು, “ಅಮ್ಮಾ, ಅನ್ನದ ಪಾತ್ರೆಗೆ ಬೀಗ ಹಾಕು. ಇವಳನ್ನ ತಿರುಗ್ಸೋಕೆ ಇನ್ನೊಬ್ಬ ಗಂಡಸು ಬೇಕಾಗ್ತಾನೆ” ಎಂದು ಹಂಗಿಸಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಇವತ್ತಿಗೂ ನನ್ನನ್ನು ಸುಡುತ್ತದೆ.

ಮೂರು ವರ್ಷದ ಹಿಂದೆ ಇದೇ ಹಬ್ಬದ ಮುಂಚೆ ನನ್ನ ಮಾತ್ರೆ ಡಬ್ಬಿ ಕಾಣೆಯಾಯಿತು. “ಅಂಗಡೀಲಿ ಸ್ಟಾಕ್ ಇಲ್ವಂತೆ. ತಡ್ಕೊಳೇ, ಮೈಯಾದ್ರೂ ಸ್ವಲ್ಪ ಇಳೀಲಿ” ಎಂದಿದ್ದೆಯಲ್ಲ ನೀನು? ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ನಿನ್ನೆದುರೇ ಹೇಳಿದ್ದರು. ಹಬ್ಬದ ದಿನ ಟ್ಯಾಂಗೊ ಕುಣಿತದ ನಡುವೆ ನಾನು ಕುಸಿದುಬಿದ್ದೆ. ಆಸ್ಪತ್ರೆಯಲ್ಲಿ ನನ್ನ ಗಂಟಲಿಗೆ ಕೊಳವೆ ಇಳಿಸಿದ್ದಾಗ ನೀನು, “ಹುರಿದ ಹಂದಿ ಗಬಗಬ ತಿಂದ್ಲು, ಉಸಿರು ಕಟ್ತು” ಎಂದು ಊರಿಗೆಲ್ಲ ಸಾರಿ, ನಿನ್ನ ಹತ್ತಿರ ಡಾನ್ಸ್ ಕಲಿಯುತ್ತಿದ್ದ ಮರಿವಿಕ್‌ಳ ಸೊಂಟ ಹಿಡಿದು ಕುಣಿಯುತ್ತಿದ್ದೆ. ನಾನು ಕಣ್ಣು ಬಿಡುವ ಹೊತ್ತಿಗೆ ನೀನು ಅವಳ ಮನೆ ಸೇರಿದ್ದೆ.

ಡಾಕ್ಟರ್ ಸುಯಾಂಕೊ ನನಗೆ ಬಯಾಲಾಜಿಕ್ ಎಂಬ ಹೊಸ ಇಂಜೆಕ್ಷನ್ ಶುರುಮಾಡಿದರು, ತಿಂಗಳಿಗೊಂದು. ಉಸಿರು ಮರಳಿತು. ಮಾತ್ರೆಯನ್ನು ಮೆಲ್ಲಮೆಲ್ಲನೆ ಇಳಿಸಿ ಬಿಡಿಸಿದರು. ನನ್ನ ಜೊತೆಗೇ ಚುಚ್ಚಿಸಿಕೊಳ್ಳುತ್ತಿದ್ದ ಮೀನು ಮಾರುವ ನೆನೆಂಗ್ ಇಳಿದು ಹುಡುಗಿಯಂತಾದಳು. ಅದೇ ಇಂಜೆಕ್ಷನ್ ತೆಗೆದುಕೊಂಡ ಆಟೋ ಓಡಿಸುವ ಬರ್ತೊಲೊ ಮಾತ್ರ, ಕಟ್ಟಿದ್ದ ಮೂಗು ಬಿಟ್ಟು ವಾಸನೆ ಮರಳಿದ ಖುಷಿಯಲ್ಲಿ ತಿಂದೂ ತಿಂದೂ ಇನ್ನಷ್ಟು ದಪ್ಪಗಾದ. ನನಗೆ ಮುಖ ಇಳಿಯಿತು, ಸೊಂಟ ಇಳಿಯಲಿಲ್ಲ. ತೂಕದ ಯಂತ್ರದ ಮೇಲೆ ನಿಂತು ಅತ್ತೆ. ಡಾಕ್ಟರು ಗದರಿದರು: “ಏನಮ್ಮಾ, ಇಂಜೆಕ್ಷನ್ ಕೊಟ್ಟಿದ್ದು ಉಸಿರಿಗೆ, ಸೊಂಟಕ್ಕಲ್ಲ. ಈಗ ಮೆಟ್ಟಿಲು ಹತ್ತಿ ಬಂದ್ಯಲ್ಲ, ಏದುಸಿರು ಬಂತಾ?” ಬಂದಿರಲಿಲ್ಲ. ನಾನದನ್ನು ಗಮನಿಸಿಯೇ ಇರಲಿಲ್ಲ.

ಆಮೇಲೆ ನೀನು ಯಾರದೋ ಫೋನಿನಲ್ಲಿ ನನ್ನ ಮುಖದ ಫೋಟೋ ನೋಡಿ, “ಹಳೇ ಫೆಲಿಸಾ ವಾಪಸ್ ಬಂದ್ಲು! ಈ ಹಬ್ಬಕ್ಕೆ ನಾವಿಬ್ರೇ ಜೋಡಿ” ಎಂದು ಹೇಳಿಕಳಿಸಿದೆ. ಮೊದಲು ಮರಿವಿಕ್‌ಳನ್ನು ಬಿಟ್ಟು ಬಾ ಅಂದೆ ನಾನು. ಹಿಂದುಮುಂದು ನೋಡದೆ ಅವಳನ್ನು ಬಿಟ್ಟುಬಿಟ್ಟೆಯಲ್ಲ! ಈಗ ಅವಳೂ ಇಲ್ಲ, ನಾನೂ ಇಲ್ಲ. ಜೋಡಿಯಿಲ್ಲದವನನ್ನು ಮಂಟಪ ಹತ್ತಿಸುವುದಿಲ್ಲ.

ತಲೆ ಎತ್ತಿ ನೋಡು. ನಟ್ಟನಡುವೆ ಕೆಂಪು ಗೌನು ತೊಟ್ಟು ಕುಣಿಯುತ್ತಿರುವವಳು ನಾನು. ಇಳಿಯಲೆಂದು ನೀನು ಕಾದಿದ್ದ ಸೊಂಟ ಇದೇ. ಅದರ ಮೇಲೆ ಕೈಯಿಟ್ಟು ಸಲೀಸಾಗಿ ತಿರುಗಿಸುತ್ತಿರುವವನು ಬರ್ತೊಲೊ. ಗೆಲ್ಲುತ್ತೇವೋ ಇಲ್ಲವೋ, ಕೊನೆಯ ಸುತ್ತಿನವರೆಗೂ ಕುಣಿಯುತ್ತೇವೆ. ಇಡೀ ಊರು ನಮ್ಮನ್ನು ನೋಡಲಿ, ಒಬ್ಬಂಟಿಯಾಗಿ ನಿಂತ ನಿನ್ನನ್ನೂ ನೋಡಲಿ.

ಇನ್ನೆಂದಿಗೂ ನಿನ್ನವಳಲ್ಲದ,
ಫೆಲಿಸಾ

ಇನ್ನೊಂದು ಮಾತು: ಆ ಮಾತ್ರೆ ಡಬ್ಬಿಯನ್ನು ನೀನು ಹೊಳೆಗೆ ಎಸೆದದ್ದನ್ನು ನಿನ್ನ ತಾಯಿ ಕಿಟಕಿಯಿಂದ ನೋಡಿದ್ದರಂತೆ. ಮಗನೆಂದು ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದರು. ಹೋದ ವಾರ ಬಂದು ನನ್ನ ಕೈ ಹಿಡಿದು ಎಲ್ಲವನ್ನೂ ಹೇಳಿದರು. ಕುಣಿತ ಮುಗಿದ ಮೇಲೆ ನಾವಿಬ್ಬರೂ ಪೊಲೀಸ್ ಠಾಣೆಗೆ ಹೋಗುತ್ತೇವೆ. ಈ ಕಾಗದವನ್ನು ತಾವೇ ನಿನಗೆ ಕೊಡುವುದಾಗಿ ಹಟ ಹಿಡಿದರು. ಅವರ ಮೇಲೆ ದನಿ ಎತ್ತಬೇಡ.