ನಾನಿಲ್ಲದಾಗ ಹಾರುವ ಕುದುರೆ

ಜೂನ್ ೧೨, ಗುರುವಾರ

ನನ್ನ ಮುದ್ದು ಮಗಳೇ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. “ಅಮ್ಮನಿಗೆ ಕುದುರೆ ಇದ್ದರೆ ಸಾಕು, ಮಗಳು ಯಾಕೆ” ಎಂದು ಚಿಕ್ಕಮ್ಮನ ಮುಂದೆ ಮೂತಿ ಉದ್ದ ಮಾಡಿಕೊಂಡು ಕೂತಿರುತ್ತೀಯ, ನನಗೆ ಗೊತ್ತು. ಸಿಟ್ಟಾಗಬೇಡ ಕಣೇ. ಬರೆಯಲು ಕೂತೆ, ಹರಿದು ಹಾಕಿದೆ, ಮತ್ತೆ ಕೂತೆ. ಫೋನಿನಲ್ಲೇ ಹೇಳಿಬಿಡೋಣವೆಂದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಹೇಳಬೇಕಾದ್ದನ್ನು ನುಂಗಿಕೊಂಡು ಊಟವಾಯಿತಾ ಎಂದು ಕೇಳಿ ಇಟ್ಟುಬಿಡುತ್ತೇನೆ. ಕಾಗದದಲ್ಲಾದರೆ ನಿನ್ನ ಎದುರುವಾದ ನಡೆಯುವುದಿಲ್ಲ.

ಹೆಗಲ ಮೂಳೆ ಹೇಗಿದೆ? ಈಗ ತಲೆ ನೀನೇ ಬಾಚಿಕೊಳ್ಳುತ್ತೀಯಂತೆ, ಚಿಕ್ಕಮ್ಮ ಹೇಳಿದಳು. ಕೇಳಿ ಜೀವಕ್ಕೆ ಹಾಯೆನಿಸಿತು. ಅವಳು ಹಾಕಿದ್ದನ್ನು ಗೊಣಗದೆ ತಿನ್ನು, ಪಾಪ, ನಿನಗಾಗಿ ಅವಳು ಬೇಕಾದಷ್ಟು ಒದ್ದಾಡಿದ್ದಾಳೆ. ನಿಮ್ಮಪ್ಪ ಹುಷಾರಾಗಿದ್ದಾರೆ. ಹಿಂಬಾಗಿಲಿಗೆ ಬಣ್ಣ ಬಳಿಯುತ್ತೇನೆಂದು ಹೊರಟು, ಬಾಗಿಲಿಗಿಂತ ಹೆಚ್ಚು ತಮ್ಮ ಮೈಗೇ ಬಳಿದುಕೊಂಡರು. ಕಿವಿಯ ಹಿಂದೆ ಇನ್ನೂ ಹಸಿರು ಹಾಗೇ ಇದೆ.

ಇನ್ನು ನಿನ್ನ ಕುದುರೆ ದೊರೆಯ ಸುದ್ದಿ. ನೀನು ಕೇಳಿದ್ದು ಒಂದೇ: “ಅವನು ಮತ್ತೆ ಹಾರ್ತಾನಾ ಅಮ್ಮಾ? ನನ್ನ ಕೂರಿಸ್ಕೊಂಡು ಹಾರ್ತಾನಾ?” ಅದರ ಕೆಳಗೇ ಗೆರೆ ಎಳೆದು ಬರೆದಿದ್ದೀಯ: “ಆದ್ರೆ ನೀನು ಯಾವಾಗ್ಲೂ ನಿಲ್ಲೋ ಹಾಗೆ ಜಂಪಿನ ಪಕ್ಕದಲ್ಲೇ ನಿಂತಿರ್ಬೇಕು. ನೀನಿಲ್ದಿದ್ರೆ ನಾನು ಹತ್ತೋದೇ ಇಲ್ಲ.” ಕಾಗದ ತಡವಾಗಿದ್ದು ಆ ಕೊನೆಯ ಮಾತಿನಿಂದಲೇ.

ನೀನು ಅವನ ಬೆನ್ನಿಂದ ಬಿದ್ದ ಮೇಲೆ ಅವನು ಹಾರುವುದಿರಲಿ, ನೆಲದ ಮೇಲೆ ಮಲಗಿಸಿಟ್ಟ ಕೋಲನ್ನು ದಾಟಲೂ ಒಪ್ಪಲಿಲ್ಲ. ಮೂಗು ಹಿಗ್ಗಿಸಿ, ನಾಲ್ಕೂ ಕಾಲು ನೆಟ್ಟು ನಿಂತುಬಿಡುತ್ತಿದ್ದ. ನಾನೇ ಲಗಾಮು ಹಿಡಿದು ಮುಂದೆ ಮುಂದೆ ನಡೆದು ದಾಟಿ ತೋರಿಸುತ್ತಿದ್ದೆ. ಒಂದು ಬೆಳಿಗ್ಗೆ, ಚರಂಡಿ ದಾಟುವ ದೊಡ್ಡ ಮನುಷ್ಯರ ಹಾಗೆ, ಒಂದೊಂದೇ ಕಾಲೆತ್ತಿ ದಾಟಿದ. ಆಮೇಲೆ ಕೋಲನ್ನು ಒಂದು ಗೇಣು ಎತ್ತರಿಸಿದೆ. ಆಮೇಲೆ ಮೊಣಕಾಲೆತ್ತರದ ಜಂಪು. ಮೇಲೆ ಕೂರಲು ಆಸ್ಪತ್ರೆಯ ನರ್ಸಮ್ಮ ಡ್ಯೂಟಿ ಮುಗಿಸಿ ಬರುತ್ತಿದ್ದಳು. ನಮ್ಮ ಹಳೇ ಶಿಷ್ಯೆಯರಲ್ಲಿ ಅವಳ ಕೈಯೇ ಹಗುರ. ಹಾರುವ ಹೊತ್ತಿಗೆ ಅವನ ಬಾಯಿ ಎಳೆಯಬಾರದೆಂದು ಲಗಾಮು ಸಡಿಲ ಬಿಟ್ಟು ಜೂಲು ಹಿಡಿದುಕೊಳ್ಳುತ್ತಾಳೆ.

ಜಂಪಿನ ಪಕ್ಕದಲ್ಲಿ ನಾನು. “ಬಾ ಕಂದಾ, ಬಾ ನನ್ನಪ್ಪಾ” ಎಂದು ಕರೆಯುತ್ತಿದ್ದೆ. ಕುಕ್ಕುಲೋಟದಲ್ಲಿ ಚೆನ್ನಾಗಿಯೇ ಬರುತ್ತಿದ್ದ, ಕಿವಿ ಮುಂದೆ, ಕುತ್ತಿಗೆ ನೀಳ. ಕೊನೇ ಹೆಜ್ಜೆಗೆ ಬರುವ ಹೊತ್ತಿಗೆ ಒಂದು ಕಿವಿ ನನ್ನ ಕಡೆ ತಿರುಗುತ್ತಿತ್ತು, ಅಷ್ಟೇ, ನಿಂತ. ಪ್ರತಿ ಸಲವೂ ಇದೇ ಕಥೆ. ಜೀನು ಬದಲಾಯಿಸಿದೆ. ಹಲ್ಲು ನೋಡಿಸಿದೆ. ಗೊರಸು ನೋಡಿಸಿದೆ. ಜಂಪನ್ನು ಬಿಸಿಲಿನಿಂದ ನೆರಳಿಗೆ ಹೊತ್ತು ಹಾಕಿಸಿದೆ. ಕುದುರೆ ಡಾಕ್ಟರು ಕೈ ತೊಳೆದುಕೊಳ್ಳುತ್ತಾ, “ಇವನ ಮೈಯಲ್ಲಿ ಏನೂ ಇಲ್ಲಮ್ಮ, ನನಗಿಂತ ಗಟ್ಟಿಯಾಗಿದ್ದಾನೆ” ಎಂದು ಹೇಳಿ ಹೋದರು. ನನಗೆ ರೇಗಿತು. ನಿನ್ನ ದೊರೆಗೆ ಕೊಬ್ಬು ಎಂದು ಬೈದೆ. ಪಾಪದ ಪ್ರಾಣಿ, ಬೈಸಿಕೊಂಡಿತು.

ಅಷ್ಟರಲ್ಲಿ ನನ್ನ ದವಡೆ ಹಲ್ಲು ಕೈ ಕೊಟ್ಟಿತು. ಕೀಳಿಸಿಕೊಂಡು ಬಂದು ಮನೆಯಲ್ಲಿ ಮುಖ ಊದಿಸಿಕೊಂಡು ಮಲಗಿದ್ದೆ. ನರ್ಸಮ್ಮನ ಫೋನು. “ಅಕ್ಕಾ, ಹಾರ್ಬಿಟ್ಟ! ಮೂರು ಸಲಕ್ಕೆ ಮೂರು ಸಲಾನೂ ಹಾರ್ದ! ಬಾಲ ಎತ್ಕೊಂಡು ಏನು ಗತ್ತು ಅಂತೀರಿ!” ಬಾಯಲ್ಲಿ ಹತ್ತಿ ತುರುಕಿಕೊಂಡೇ ಅತ್ತೆ. ನಿಮ್ಮಪ್ಪ ಹಲ್ಲು ನೋವೆಂದುಕೊಂಡು ಮಾತ್ರೆ ಹುಡುಕಲು ಓಡಿದರು.

ಮರುದಿನ ಕೆನ್ನೆಗೆ ಬಟ್ಟೆ ಕಟ್ಟಿಕೊಂಡೇ ಹೋದೆ. ನನ್ನ ಜಾಗದಲ್ಲಿ ನಿಂತೆ. ಬಂದ, ನಿಂತ. ಬಟ್ಟೆ ಕಂಡು ಬೆದರಿದನೇನೋ ಎಂದು ಬಿಚ್ಚಿ ಎಸೆದೆ. ಆಗಲೂ ನಿಂತ. ಹುಲ್ಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಸಂದಿಯಲ್ಲಿ ನೋಡಿದೆ. ಹಾರಿದ. ಹೊರಗೆ ಬಂದೆ, ನಿಂತ. ಮತ್ತೆ ಒಳಗೆ ಹೋದೆ, ಹಾರಿದ.

ನರ್ಸಮ್ಮ ಇಳಿದು ಬಂದು ಅವನ ಕುತ್ತಿಗೆ ತಟ್ಟುತ್ತಾ ನಿಂತಳು, ನನ್ನ ಮುಖ ನೋಡಲಿಲ್ಲ.

“ಹೇಳು ಮಾರಾಯ್ತಿ, ನನ್ನ ಕಂಡ್ರೆ ಭಯಾನಾ ಅವನಿಗೆ?” ಎಂದೆ.

“ನಿಮ್ಮ ಕಂಡ್ರೆ ಅಲ್ಲ ಅಕ್ಕಾ. ನೀವು ಉಸಿರು ಬಿಗಿ ಹಿಡ್ಕೋತೀರಿ. ಭುಜ ಎರಡೂ ಕಿವಿ ಹತ್ರ ಬಂದಿರುತ್ವೆ. ನೀವೇ ಅಷ್ಟು ಹೆದ್ರಿದ್ರೆ, ಅಲ್ಲೇನೋ ಇದೆ ಅಂದ್ಕೋತಾನೆ.”

ಬಾಯಲ್ಲಿ ಬಾ ಕಂದಾ ಎಂದು ಕರೆಯುತ್ತಾ, ಮೈಯಲ್ಲಿ ಬರಬೇಡ ಎನ್ನುತ್ತಿದ್ದೆ. ಇಷ್ಟು ವರ್ಷ ಊರವರ ಮಕ್ಕಳಿಗೆಲ್ಲ “ಕುದುರೆ ನಿಮ್ಮ ಮೈ ಓದುತ್ತೆ” ಎಂದು ಪಾಠ ಹೇಳಿದವಳು ನಾನು! ಬಿಡದೆ ಎಲ್ಲ ಮಾಡಿ ನೋಡಿದೆ. ಕೈ ಬೀಸಿಕೊಂಡು ನಿಂತೆ, ಗುನುಗಿದೆ, ಬೆನ್ನು ತಿರುಗಿಸಿ ನಿಂತೆ. ಅವನ ಹತ್ತಿರ ನನ್ನ ನಾಟಕ ನಡೆಯಲಿಲ್ಲ. ನಿಜ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯಿತು. ನೀನು ಮೊದಲ ಸಲ ಗಿಡ್ಡ ಕುದುರೆಯ ಮೇಲೆ ಕೂತಾಗಿನಿಂದ ನನ್ನ ಜಾಗ ಅದೊಂದೇ. ಅಲ್ಲಿಂದ ಎದ್ದು ಹೋಗು ಎಂದು ನನ್ನ ಕುದುರೆಯೇ ಹೇಳಿದರೆ ಎಲ್ಲಿಗೆ ಹೋಗಲಿ?

ಆದ್ದರಿಂದ ಉತ್ತರ ಇದು. ಹಾರುತ್ತಾನೆ. ನಿನ್ನನ್ನು ಕೂರಿಸಿಕೊಂಡೂ ಹಾರುತ್ತಾನೆ. ನಿನ್ನ ಡಾಕ್ಟರು ಹೂಂ ಎಂದ ಕೂಡಲೇ ಬಾ. ಆದರೆ ಜಂಪಿನ ಪಕ್ಕ ನಾನಿರುವುದಿಲ್ಲ. ಹುಲ್ಲಿನ ಕೋಣೆಯಲ್ಲಿ ಅಡಗಿದರೂ ನಿನ್ನ ಕಣ್ಣು ಅತ್ತಲೇ ಹುಡುಕೀತು. ನರ್ಸಮ್ಮ ನಿಂತಿರುತ್ತಾಳೆ. ನಾನು ಮನೆಯಲ್ಲಿ ನಿಮ್ಮಪ್ಪನ ಕಿವಿ ಉಜ್ಜುತ್ತಾ ಕೂತಿರುತ್ತೇನೆ. ನಾನಿಲ್ಲದಿದ್ದರೆ ಹತ್ತುವುದಿಲ್ಲ ಎಂದು ನೀನು, ನಾನಿದ್ದರೆ ಹಾರುವುದಿಲ್ಲ ಎಂದು ಅವನು. ಅವನಿಗೆ ತಿಳಿಹೇಳಲು ನನ್ನಿಂದಾಗಲಿಲ್ಲ, ನಿನಗೆ ಹೇಳುತ್ತಿದ್ದೇನೆ. ಹಟ ಮಾಡಬೇಡ ಮಗಳೇ. ನೀನು ಹಾರುವುದನ್ನು ಇನ್ನು ಮೇಲೆ ನಾನು ಬೇರೆಯವರ ಬಾಯಲ್ಲಿ ಕೇಳಬೇಕು. ಅದು ಸಣ್ಣ ಸಂಕಟವಲ್ಲ, ಆದರೂ ಕೇಳುತ್ತೇನೆ.

ನಿನ್ನ ಹೆಗಲಿಗೆ ಬಲ ಬರಲಿ, ಕಣ್ಣಿಗೆ ನಿದ್ದೆ ಬರಲಿ, ನನ್ನ ಆಯಸ್ಸೂ ನಿನಗಿರಲಿ. ಚಿಕ್ಕಮ್ಮನಿಗೆ ನಾನು ಕೇಳಿದೆನೆಂದು ಹೇಳು.

ಇಂತಿ,
ನಿನ್ನ ಅಮ್ಮ

ವಿ.ಸೂ.: ಕಾಗದ ಮಡಚಿ ಮತ್ತೆ ಬಿಚ್ಚಿದ್ದೇನೆ. ದೊರೆ ಮುಗ್ಗರಿಸಿದ ಎಂದು ಎಲ್ಲರೂ ಹೇಳುತ್ತಾರೆ, ನಿನಗಂತೂ ಆ ಹೊತ್ತಿನದು ಏನೂ ನೆನಪಿಲ್ಲ. ನನಗಿದೆ. ಅಷ್ಟು ಎತ್ತರ ನೀನು ಹಾರುತ್ತಿದ್ದುದು ಅದೇ ಮೊದಲು. ಕೊನೇ ಹೆಜ್ಜೆಯಲ್ಲಿ ನೀನು ಕತ್ತು ತಿರುಗಿಸಿ ನನ್ನ ಮುಖ ನೋಡಿದೆ, ಚಿಕ್ಕವಳಿದ್ದಾಗ ನೋಡುತ್ತಿದ್ದ ಹಾಗೆಯೇ. ನನ್ನ ಮುಖದಲ್ಲಿ ಹೆದರಿಕೆ ಇತ್ತು ಮಗಳೇ. ಅದು ನಿನಗೆ ಕಂಡಿತು. ನಿನಗೆ ಕಂಡದ್ದು ನನಗೂ ಕಂಡಿತು. ನಿನ್ನ ಮೈ ನನ್ನ ಕಡೆ ವಾಲಿದ ಮೇಲೆಯೇ ಅವನ ಕಾಲು ತಪ್ಪಿದ್ದು. ಈ ಸಲ ನನ್ನನ್ನು ಹುಡುಕಬೇಡ. ಅವನ ಎರಡು ಕಿವಿಗಳ ನಡುವೆ ನೇರ ನೋಡು.