ಬಲೆಯ ಸಂದಿನಿಂದ ಬಂದ ಖರ್ಜೂರ

ಅಮ್ಮಾ,

ನೀನು ತೀರಿಕೊಂಡ ಮೇಲೆ ಇದು ಮೊದಲ ರಂಜಾನ್. ನಿನ್ನೆ ನಮ್ಮ ಬ್ಯಾಂಕ್ಸ್‌ಟೌನ್ ಮೈದಾನದ ಫುಟ್‌ಬಾಲ್ ಪಂದ್ಯದಲ್ಲಿ ನಿನ್ನ ಮೊಮ್ಮಗಳು ಹನಾನ್ ಉಪವಾಸದಲ್ಲೇ ಗೋಲ್ ಕಾಯುತ್ತಿದ್ದಳು. ಎದುರು ತಂಡದ ಕಡೆಯ ಪ್ರೇಕ್ಷಕನೊಬ್ಬ, "ಏಯ್, ಆ ತಲೆಬಟ್ಟೆ ತೆಗಿಯೇ, ಚೆಂಡಾದ್ರೂ ಕಾಣುತ್ತೆ!" ಎಂದು ಕೂಗುತ್ತಲೇ ಇದ್ದ. ಸೂರ್ಯ ಮುಳುಗಿ ಉಪವಾಸ ಬಿಡುವ ಹೊತ್ತಾದರೂ ಆಟ ನಿಲ್ಲಲಿಲ್ಲ. ಆಗ ಅವಳ ತರಗತಿಯ ಟೋಂಗಾ ದ್ವೀಪದ ಕಡೆಯ ಹುಡುಗ ಮಲಕಾಯ್ ಗೋಲಿನ ಹಿಂದೆ ಹೋಗಿ ಬಲೆಯ ಸಂದಿನಿಂದ ಖರ್ಜೂರ ಚಾಚಿದ.

"ಬೀಜ ತೆಗ್ದಿದೀನಿ, ಬೇಗ ನುಂಗು!"

ಅವನು ಬರೀ ತರಗತಿಯ ಗೆಳೆಯನಲ್ಲ ಎಂದು ಅವಳು ನಕ್ಕ ರೀತಿಯಲ್ಲೇ ನನಗೆ ತಿಳಿಯಿತು.

ನಿನ್ನ ತಂಗಿ ಸಿಹಾಮ್ ನನ್ನನ್ನು ತಿವಿದರು. "ನಿಮ್ಮಮ್ಮ ಇದ್ದಿದ್ರೆ ಈಗ್ಲೇ ಇವಳನ್ನ ಮನೆಗೆ ಎಳ್ಕೊಂಡು ಹೋಗ್ತಿದ್ಲು."

ಹೌದು. ನನಗೆ ಹದಿನಾರಾಗಿದ್ದಾಗ ಒಬ್ಬ ಹುಡುಗನ ಜೊತೆ ನಿಂತಿದ್ದೆ; ನೀನು ಕರೆದೆ, ನಾನು ಅವನತ್ತ ತಿರುಗಿಯೂ ನೋಡದೆ ಬಂದೆ. ನೀನು ಹೆದರಿದ್ದು ಆ ಹುಡುಗನಿಗೋ, ಹೀಗೆ ಕೂಗುವವರಿಗೋ? ನಾನು ಕೇಳಲೇ ಇಲ್ಲ.

ಎದ್ದು ಗೋಲಿನ ಬಳಿ ಹೋದೆ. ಮಲಕಾಯ್ ಬೆವೆತುಹೋದ. "ಆಂಟಿ, ನಾನು ಸುಮ್ನೆ..."

"ನೀರೂ ಕೊಡಪ್ಪಾ. ನಾಳೆ ಇಫ್ತಾರಿಗೆ ಮನೆಗೆ ಬಾ, ಎಲ್ಲರ ಎದುರಿಗೇ ಬಾ."

ಆಮೇಲೆ ಆ ಕೂಗುವವನ ಪಕ್ಕಕ್ಕೇ ಹೋಗಿ ನಿಂತೆ. ಆಟ ಮುಗಿಯುವವರೆಗೂ ಅವನಿಗಿಂತ ಜೋರಾಗಿ ಮಗಳ ಹೆಸರು ಕೂಗಿದೆ.

ರೀಮಾ